ಹಗ್ಗದ ಇನ್ನೊಂದು ತುದಿ



ಐವತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿ. ಸಮಾಜ ಪಾಠದ ಕಿರುಪರೀಕ್ಷೆಯೊಂದರಲ್ಲಿ ನಮ್ಮ ಮೇಷ್ಟ್ರು, ‘ಎವರೆಸ್ಟ್ ಶಿಖರವನ್ನು ಮೊಟ್ಟಮೊದಲು ಏರಿದವರು ಯಾರು?’ ಎಂಬ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದರು. ನಾನು ತೇನ್‌ಸಿಂಗ್ ಎಂದು ಬರೆದೆ. ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಹಿಲರಿ ಎಂದು ಬರೆದ. ಮೇಷ್ಟ್ರು ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟರು. ನಾನು ಎದ್ದುನಿಂತು ಆಕ್ಷೇಪಿಸಿದಾಗ ಅವರು ನಗುತ್ತ, “ಇಬ್ಬರೂ ಒಂದೇ ಹಗ್ಗ ಕಟ್ಟಿಕೊಂಡು ಹತ್ತಿದವರು ಕಣಯ್ಯಾ. ನೀನು ಹಗ್ಗದ ಒಂದು ತುದಿ ಮಾತ್ರ ಬರೆದಿದ್ದೀಯೆ, ಅರ್ಧ ಅಂಕ ಕೊಟ್ಟಿದ್ದೇನೆ. ಇನ್ನೊಂದು ತುದಿಯನ್ನೂ ಬರೆ, ಉಳಿದದ್ದು ಕೊಡುತ್ತೇನೆ” ಎಂದರು.

ಆಗ ನನಗೆ ಅದು ಅನ್ಯಾಯವೆನಿಸಿತ್ತು. ನಮ್ಮವನೆಂದು ನಾನು ನಂಬಿದವನಿಗೆ ಪೂರ್ತಿ ಅಂಕ ಸಲ್ಲಲಿಲ್ಲವೆಂಬ ಅಸಮಾಧಾನ ಬಹುಕಾಲ ಉಳಿಯಿತು. ನಾನು ಪರ್ವತಾರೋಹಿಯಲ್ಲ. ಕನ್ನಡ ಸಾಹಿತ್ಯವನ್ನು ಪಾಠ ಹೇಳುತ್ತ ಮೂರು ದಶಕಗಳನ್ನು ಕಳೆದ ನನ್ನ ಅತ್ಯುನ್ನತ ಆರೋಹಣವೆಂದರೆ ಶ್ರವಣಬೆಳಗೊಳದ ಇಂದ್ರಗಿರಿ. ಅದೂ ನಡುವೆ ಮೂರು ಬಾರಿ ಕುಳಿತು. ಆದರೂ ಹಿಮಾಲಯದ ಆರೋಹಣದ ಚರಿತ್ರೆಯನ್ನು ಬಿಡುವಿದ್ದಾಗಲೆಲ್ಲ ಓದುತ್ತ ಬಂದಂತೆ ಮೇಷ್ಟ್ರ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಒಂದು ದೊಡ್ಡ ಸಾಧನೆಯನ್ನು ಸ್ಮರಿಸುವಾಗ ನಾವು ಯಾರನ್ನು ನೆನೆಯುತ್ತೇವೆ? ಯಾರನ್ನು ಬಿಟ್ಟುಬಿಡುತ್ತೇವೆ? ಇಂದಿನ ನನ್ನ ಮಾತಿಗೆ ಈ ಪ್ರಶ್ನೆಯೇ ಆಧಾರ.

ಏರುವುದಕ್ಕೆ ಮೊದಲು ಅಳೆಯಬೇಕಷ್ಟೆ. ಹಿಮಾಲಯವು ಭೂಮಿಯ ಮಾನದಂಡದಂತಿದೆಯೆಂದು ಕಾಳಿದಾಸ ಕಲ್ಪಿಸಿದ. ಆ ಮಾನದಂಡವನ್ನೇ ಅಳೆದವರ ಕಥೆಯ ಮೊದಲ ಅಧ್ಯಾಯ ನಡೆದದ್ದು ಹಿಮಾಲಯದ ತಪ್ಪಲಿನಲ್ಲಲ್ಲ, ನಮ್ಮ ಬೆಂಗಳೂರಿನ ಬಯಲಿನಲ್ಲಿ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿಯಾದೀತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇಡೀ ಪರ್ಯಾಯದ್ವೀಪವನ್ನು ತ್ರಿಕೋನಗಳ ಬಲೆಯಿಂದ ಅಳೆಯುವ ಯೋಜನೆಯೊಂದನ್ನು ಕಂಪೆನಿ ಸರ್ಕಾರದ ಮುಂದಿಟ್ಟರು. ೧೮೦೦ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಸಿದರು. ಆ ಸರಪಳಿಯಾದರೋ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದ ಸಾಮಗ್ರಿಗಳಲ್ಲೊಂದು! ಈ ಕೆಲಸ ಪೂರ್ವಸಿದ್ಧತೆಯ ರೂಪದ್ದು. ಮಹಾ ತ್ರಿಕೋನಮಿತಿ ಮೋಜಣಿಯ ಅಧಿಕೃತ ಆರಂಭವನ್ನು ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯ ರೇಖೆಯಿಂದಲೇ ಎಣಿಸುತ್ತಾರೆ. ಆದರೂ ಮೊದಲ ಸರಪಳಿ ಹಾಸಿದ್ದು ನಮ್ಮ ನೆಲದ ಮೇಲೆ.

ಇದರ ಕ್ರಮ ಸರಳ. ಒಂದು ರೇಖೆಯ ಉದ್ದ ನಿಖರವಾಗಿ ಗೊತ್ತಿದ್ದರೆ, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನಗಳನ್ನು ಅಳೆದು ಉಳಿದೆರಡು ಭುಜಗಳನ್ನು ಲೆಕ್ಕಹಾಕಬಹುದು. ಆ ಭುಜ ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಹೀಗೆ ಗುಡ್ಡದಿಂದ ಗುಡ್ಡಕ್ಕೆ, ಗೋಪುರದಿಂದ ಗೋಪುರಕ್ಕೆ ಕೋನಗಳು ಉತ್ತರಕ್ಕೆ ನಡೆದವು. ಲೆಕ್ಕ ಸರಳವಾದರೂ ದುಡಿಮೆ ಸರಳವಾಗಿರಲಿಲ್ಲ. ಕೋನವನ್ನಳೆಯುವ ದೊಡ್ಡ ಥಿಯೊಡೊಲೈಟ್ ಯಂತ್ರ ಅರ್ಧ ಟನ್ನಿನಷ್ಟು ತೂಕದ್ದು. ಅದನ್ನು ಬೆಟ್ಟಗಳ ನೆತ್ತಿಗೆ ಹೊತ್ತವರು, ಕಾಡುಜ್ವರದಲ್ಲಿ ನರಳಿದವರು, ರಾತ್ರಿಯ ವೇಳೆ ದೀಪ ಹಿಡಿದು ನಿಂತವರು ಯಾರೆಂಬುದನ್ನು ಯಾವ ಭೂಪಟವೂ ಹೇಳುವುದಿಲ್ಲ.

ಸುಮಾರು ಅರ್ಧ ಶತಮಾನದ ತರುವಾಯ ಈ ಬಲೆ ಹಿಮಾಲಯದ ಬುಡವನ್ನು ಮುಟ್ಟಿತು. ನೇಪಾಳ ಪರಕೀಯರಿಗೆ ಬಾಗಿಲು ಮುಚ್ಚಿದ್ದರಿಂದ ಮೋಜಣಿದಾರರು ಬಿಹಾರದ ಬಯಲಿನಲ್ಲಿ ನಿಂತು, ನೂರು ಮೈಲಿಗೂ ಆಚೆ ಬಿಳಿಯ ಹಲ್ಲಿನಂತೆ ಕಾಣುತ್ತಿದ್ದ ಶಿಖರಗಳಿಗೆ ಕೋನ ಹಿಡಿದರು. ೧೮೪೯-೫೦ರಲ್ಲಿ ದೊರೆತ ಆ ಕೋನಗಳಿಂದ ‘ಹದಿನೈದನೆಯ ಶಿಖರ’ ಎಂಬ ನಿರ್ನಾಮಧೇಯ ಪರ್ವತವೇ ಎಲ್ಲಕ್ಕಿಂತ ಎತ್ತರವೆಂದು ತೇಲಿಬಂದಿತು. ಆ ಲೆಕ್ಕಕ್ಕೆ ಅಂಟಿಕೊಂಡಿರುವ ಹೆಸರು ಮೋಜಣಿ ಇಲಾಖೆಯ ಮುಖ್ಯ ಗಣಕರಾಗಿದ್ದ ಬಂಗಾಳದ ರಾಧಾನಾಥ ಸಿಕ್ದಾರರದು. ೧೮೫೬ರಲ್ಲಿ ಪ್ರಕಟಿಸಿದ ಎತ್ತರ ೨೯,೦೦೨ ಅಡಿ. ೨೦೨೦ರಲ್ಲಿ ನೇಪಾಳ ಮತ್ತು ಚೀನಾ ಸಕಲ ಆಧುನಿಕ ಸಾಧನಗಳಿಂದ ಅಳೆದು ಘೋಷಿಸಿದ ಎತ್ತರ ೮,೮೪೮.೮೬ ಮೀಟರು. ಎರಡಕ್ಕೂ ಇರುವ ವ್ಯತ್ಯಾಸ ಸುಮಾರು ಮೂವತ್ತೇ ಅಡಿ!

ಆದರೆ ಹೆಸರು? ಟಿಬೆಟಿನವರು ಚೊಮೊಲುಂಗ್ಮಾ ಎಂದು ಕರೆಯುತ್ತಿದ್ದ ಪರ್ವತಕ್ಕೆ ಮಹಾಮೋಜಣಿದಾರ ಆಂಡ್ರೂ ವಾ ತಮ್ಮ ಹಿಂದಿನ ಅಧಿಕಾರಿ ಜಾರ್ಜ್ ಎವರೆಸ್ಟರ ಹೆಸರನ್ನಿಟ್ಟರು. ಈ ನಾಡಿನವರ ನಾಲಗೆಗೆ ಆ ಹೆಸರು ಒಗ್ಗದೆಂದು ಸ್ವತಃ ಎವರೆಸ್ಟರೇ ಆಕ್ಷೇಪಿಸಿದರೂ ಹೆಸರು ನಿಂತಿತು. ಸಿಕ್ದಾರರ ಪಾಡು ಬೇರೆ. ೧೮೫೧ರಲ್ಲಿ ಅಚ್ಚಾದ ಮೋಜಣಿಯ ಕೈಪಿಡಿಯ ಮುನ್ನುಡಿ, ಅದರ ಗಣಿತಭಾಗಗಳಿಗಾಗಿ ಅವರಿಗೆ ಋಣ ಸಲ್ಲಿಸಿತ್ತು. ಅವರು ೧೮೭೦ರಲ್ಲಿ ತೀರಿಕೊಂಡರು. ೧೮೭೫ರ ಮೂರನೆಯ ಮುದ್ರಣದಲ್ಲಿ ಅವರ ಬರಹ ಉಳಿದಿತ್ತು, ಮುನ್ನುಡಿಯ ಹೆಸರು ಹೋಗಿತ್ತು. ಅಂದಿನ ಪತ್ರಿಕೆಯೊಂದು ಅದನ್ನು ಕಟುವಾಗಿಯೇ ಖಂಡಿಸಿತು. ಎತ್ತರವನ್ನು ಕಂಡುಹಿಡಿದದ್ದು ಅವರೊಬ್ಬರೇ ಎಂದು ಹೇಳುವುದು ಅತಿಶಯೋಕ್ತಿಯಾದೀತು. ಕೋನ ಹಿಡಿದವರು, ಲೆಕ್ಕ ಮಾಡಿದವರು ಅನೇಕರು. ಆದರೆ ಮುನ್ನುಡಿಯಲ್ಲಿದ್ದ ಹೆಸರೊಂದು ಸತ್ತಮೇಲೆ ಕಾಣೆಯಾಯಿತೆಂಬುದು ಸತ್ಯ. ೨೦೦೪ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿ ತಂದಾಗ ಆ ಹಳೆಯ ಸಾಲದ ಒಂದಂಶವಾದರೂ ತೀರಿತೆಂದುಕೊಳ್ಳೋಣ.

ಇನ್ನು ಆರೋಹಣ. ೧೯೨೧ರಲ್ಲಿ ಬ್ರಿಟಿಷರ ಮೊದಲ ತಂಡ ಟಿಬೆಟಿನ ಕಡೆಯಿಂದ ದಾರಿ ನೋಡಿಬಂದಿತು. ೧೯೨೨ರಲ್ಲಿ ಎರಡನೆಯ ತಂಡ ಹೊರಟಿತು. ಮೊದಲೆರಡು ಯತ್ನಗಳಲ್ಲಿ ಇಪ್ಪತ್ತೇಳು ಸಾವಿರ ಅಡಿಯವರೆಗೂ ಮನುಷ್ಯ ಕಾಲೂರಿದ. ಮಳೆಗಾಲ ಹತ್ತಿರವಾಗಿತ್ತು, ಹೊಸ ಹಿಮ ಬಿದ್ದಿತ್ತು. ಆದರೂ ಮೂರನೆಯ ಯತ್ನಕ್ಕೆ ಜಾರ್ಜ್ ಮ್ಯಾಲರಿ ಮುಂದಾದರು. ಜೂನ್ ೭ರಂದು ಉತ್ತರದ ಕೊರಕಲಿಗೆ ಏರುವ ಇಳಿಜಾರಿನಲ್ಲಿ ಮ್ಯಾಲರಿ, ಸೋಮರ್ವೆಲ್, ಕ್ರಾಫರ್ಡ್ ಮುಂದೆ. ಹೊರೆ ಹೊತ್ತ ಹದಿನಾಲ್ಕು ಮಂದಿ ಹಿಂದೆ, ಹಗ್ಗ ಹಗ್ಗವಾಗಿ. ಇದ್ದಕ್ಕಿದ್ದಂತೆ ಹಿಮದ ಹಾಸು ಬಿರಿದು ಜಾರಿತು. ಮುಂದಿದ್ದವರು ಹೇಗೋ ಉಳಿದುಕೊಂಡರು. ಹಿಂದಿನ ಒಂಬತ್ತು ಮಂದಿ ಹಿಮದೊಡನೆ ಕೆಳಗಿನ ಬಿರುಕಿಗೆ ಬಿದ್ದರು. ಬಗೆದು ತೆಗೆದಾಗ ಬದುಕಿದ್ದವರು ಇಬ್ಬರು. ಏಳು ಮಂದಿ ಸತ್ತರು.

ಅಂದು ಬದುಕುಳಿದ ಹೊವಾರ್ಡ್ ಸೋಮರ್ವೆಲ್ ಶಸ್ತ್ರವೈದ್ಯರು. ಮೊದಲ ಮಹಾಯುದ್ಧದಲ್ಲಿ ಸೋಮ್ ರಣರಂಗದ ಗಾಯಾಳುಗಳನ್ನು ಕಂಡವರು. ಸತ್ತವರೆಲ್ಲ ಹೊರೆಯಾಳುಗಳೇ ಏಕಾದರು, ನಮ್ಮಲ್ಲೊಬ್ಬನಾದರೂ ಅವರೊಡನೆ ಸತ್ತಿದ್ದರೆ ಬದುಕಿದವರ ಮುಖ ನೋಡುವುದು ಸುಲಭವಾಗುತ್ತಿತ್ತಲ್ಲ ಎಂಬ ಭಾವ ಅವರನ್ನು ಕೊರೆಯಿತು. ಅದನ್ನವರು ಮುಚ್ಚಿಡದೆ ಮುಂದೆ ಬರೆದರು. ತಂಡ ಚದುರಿದ ಬಳಿಕ ಸೋಮರ್ವೆಲ್ ಭಾರತವನ್ನು ನೋಡುತ್ತ ದಕ್ಷಿಣದ ತುದಿಯವರೆಗೆ ಬಂದರು. ಅಂದಿನ ತಿರುವಾಂಕೂರಿನ ನೆಯ್ಯೂರು ಎಂಬ ಊರಿನ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ಸಾಲನ್ನೂ, ಅವರನ್ನು ನೋಡಲು ಸಾಕಾಗದೆ ಬಳಲುತ್ತಿದ್ದ ವೈದ್ಯರನ್ನೂ ಕಂಡರು. ಲಂಡನ್ನಿನ ವೃತ್ತಿಯ ಆಸೆಯನ್ನು ಬಿಟ್ಟು ೧೯೨೩ರಲ್ಲಿ ಅಲ್ಲಿಗೇ ಬಂದು ನಿಂತರು. ನೆಯ್ಯೂರಿನಲ್ಲಿಯೂ ಬಳಿಕ ವೆಲ್ಲೂರಿನಲ್ಲಿಯೂ ಅವರು ದುಡಿದ ಕಾಲ ನಾಲ್ಕು ದಶಕಗಳಿಗೆ ಹತ್ತಿರ. ಪರ್ವತಾರೋಹಣದ ಚರಿತ್ರೆಯಲ್ಲಿ ಅವರ ಎತ್ತರವನ್ನು ಅಡಿಗಳಲ್ಲಿ ಬರೆದಿಟ್ಟಿದ್ದಾರೆ. ಆ ಬಡ ರೋಗಿಗಳ ಸಾಲಿನ ಮುಂದೆ ಅವರು ನಿಂತ ಎತ್ತರಕ್ಕೆ ಅಳತೆಯಿಲ್ಲ.

ಸೋಮರ್ವೆಲ್ ೧೯೨೪ರಲ್ಲಿ ಮತ್ತೆ ಎವರೆಸ್ಟಿಗೆ ಹೋದರು. ಜೂನ್ ೪ರಂದು ನಾರ್ಟನ್ನರೊಡನೆ, ಆಮ್ಲಜನಕದ ಸಹಾಯವಿಲ್ಲದೆ, ಸುಮಾರು ಇಪ್ಪತ್ತೆಂಟು ಸಾವಿರ ಅಡಿಗೆ ಏರಿದರು. ಗಂಟಲು ಕಟ್ಟಿ ಅಲ್ಲಿಯೇ ಕುಳಿತರು. ನಾರ್ಟನ್ ಒಬ್ಬರೇ ೨೮,೧೨೬ ಅಡಿಯವರೆಗೆ ಹೋಗಿ ಹಿಂದಿರುಗಿದರು. ಇಳಿಯುವಾಗ ಸೋಮರ್ವೆಲ್ಲರ ಗಂಟಲಿನ ಒಳಪೊರೆಯೇ ಕಳಚಿ ಉಸಿರಿಗೆ ಅಡ್ಡವಾಯಿತು. ಕೂಗಲಾಗದೆ ಹಿಮದ ಮೇಲೆ ಕುಳಿತು, ಎರಡೂ ಕೈಗಳಿಂದ ಎದೆಯನ್ನೊತ್ತಿ ಕೆಮ್ಮಿ ಅದನ್ನು ಹೊರಹಾಕಿ ಬದುಕಿದರು. ನಾಲ್ಕು ದಿನಗಳ ತರುವಾಯ ಮ್ಯಾಲರಿ ಮತ್ತು ಇಪ್ಪತ್ತೆರಡು ವಯಸ್ಸಿನ ಅರ್ವಿನ್ ಮೇಲೇರುತ್ತ ಮೋಡದ ಮರೆಯಾದವರು ಹಿಂದಿರುಗಲಿಲ್ಲ. ಮ್ಯಾಲರಿಯ ದೇಹ ೧೯೯೯ರಲ್ಲಿ ಸಿಕ್ಕಿತು. ಸೋಮರ್ವೆಲ್ ಅವರಿಗೆ ಕೊಟ್ಟು ಕಳಿಸಿದ್ದ ಪುಟ್ಟ ಕ್ಯಾಮೆರಾ ಸಿಕ್ಕಲಿಲ್ಲ. ೨೦೨೪ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಹಿಮನದಿಯೊಂದು ಒಂದು ಬೂಟನ್ನು ಹೊರಚೆಲ್ಲಿತು. ಒಳಗಿನ ಕಾಲುಚೀಲದ ಮೇಲೆ ಅರ್ವಿನ್ನರ ಹೆಸರಿನ ಪಟ್ಟಿ ಹೊಲಿದಿತ್ತು.

ಇವರಿಬ್ಬರೂ ಶಿಖರ ಮುಟ್ಟಿದ್ದರೇ ಎಂಬ ಕುತೂಹಲ ಜಗತ್ತಿಗೆ ಇಂದಿಗೂ ತಣಿದಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಬೇರೊಂದು ಚಿತ್ರ. ಬೆಟ್ಟದಿಂದ ಹಿಂದಿರುಗುವ ಮೊದಲು ಉಳಿದವರು ಮೂಲಶಿಬಿರದ ಬಳಿ ಕಲ್ಲುಗಳನ್ನು ಪೇರಿಸಿ ಸ್ಮಾರಕವೊಂದನ್ನು ಕಟ್ಟಿದರು. ಅದರ ಹಾಸುಗಲ್ಲುಗಳ ಮೇಲೆ ಮೂರು ಯಾತ್ರೆಗಳಲ್ಲಿ ಗತಿಸಿದ ಹನ್ನೆರಡು ಮಂದಿಯ ಹೆಸರು ಕೊರೆದರು. ೧೯೨೧ರಲ್ಲಿ ದಾರಿಯಲ್ಲೇ ತೀರಿಕೊಂಡ ಡಾಕ್ಟರ್ ಕೆಲ್ಲಾಸ್, ೧೯೨೨ರ ಏಳು ಹೊರೆಯಾಳುಗಳು, ೧೯೨೪ರ ಮ್ಯಾಲರಿ, ಅರ್ವಿನ್, ಅವರೊಡನೆ ಆ ವರ್ಷವೇ ಸತ್ತ ಶಂಶೇರ್ ಮತ್ತು ಮಾನ್ ಬಹಾದೂರ್. ಸಾಹೇಬರು ಬೇರೆ ಕಲ್ಲು, ಕೂಲಿಗಳು ಬೇರೆ ಕಲ್ಲು ಎಂದು ಮಾಡಲಿಲ್ಲ. ಊಟ, ಡೇರೆ, ಬೂಟುಗಳಲ್ಲೆಲ್ಲ ಭೇದವಿದ್ದ ಕಾಲವದು. ಸಾವಿನ ಮುಂದಾದರೂ ಭೇದ ಕರಗಿತು.

ಶಾಸನಗಳನ್ನು ಪಾಠ ಹೇಳಿದ ನನಗೆ ಆ ಕಲ್ಲನ್ನು ನೆನೆದಾಗ ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ತುರುಗಳನ್ನು ಕಾಯುತ್ತ ಬಿದ್ದವನಿಗೆ, ಹೆಣ್ಣುಮಕ್ಕಳ ಮಾನ ಉಳಿಸಲು ಹೋಗಿ ಮಡಿದವನಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಹೆಸರುಂಟು, ಗೌರವವುಂಟು. ಬೆಂಗಳೂರೆಂಬ ಹೆಸರು ಬಹಳ ಹಿಂದೆಯೇ ಕಾಣಿಸುವುದು ಬೇಗೂರಿನ ಕಲ್ಲೊಂದರಲ್ಲಿ, ಅಲ್ಲಿನ ಕಾಳಗದಲ್ಲಿ ಸತ್ತವರ ನೆನಪಿಗಾಗಿ. ಎತ್ತರವನ್ನಳೆಯುವ ಸರಪಳಿ ಹರಿದದ್ದೂ ಅದೇ ಬೆಂಗಳೂರಿನ ಬಯಲಿನಲ್ಲಿ. ಅಳೆಯುವುದು ಒಂದು ವಿದ್ಯೆ. ಹೆಸರು ಕೊರೆಯುವುದು ಇನ್ನೊಂದು. ನಮ್ಮ ಹಿರಿಯರಿಗೆ ಎರಡನೆಯದು ಚೆನ್ನಾಗಿ ತಿಳಿದಿತ್ತು.

ಈಗ ನನ್ನ ಶಾಲೆಯ ಪ್ರಶ್ನೆಗೆ ಬರುತ್ತೇನೆ. ನಾವು ತೇನ್‌ಸಿಂಗ್ ಎಂದು ಬರೆಯುತ್ತಿದ್ದ ತೆನ್‌ಜಿಂಗ್ ನೋರ್ಗೆ ಹಿಮಾಲಯದ ಮಡಿಲಲ್ಲಿ ಹುಟ್ಟಿದ ಶೆರ್ಪಾ. ಕೆಲಸ ಹುಡುಕಿಕೊಂಡು ಚಿಕ್ಕ ವಯಸ್ಸಿನಲ್ಲಿ ದಾರ್ಜಿಲಿಂಗಿಗೆ ಬಂದು, ೧೯೩೫ರಲ್ಲಿ ಹೊರೆಯಾಳಾಗಿ ಮೊದಲ ಸಲ ಎವರೆಸ್ಟಿಗೆ ಹೋದವರು. ಹೊರೆ ಹೊತ್ತವರಲ್ಲಿ ಬಹುಮಂದಿಗೆ ಅದು ಕೂಲಿ. ಅವರಿಗೆ ಮಾತ್ರ ಅದು ಹಂಬಲವಾಯಿತು. ೧೯೫೨ರಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟರೊಡನೆ ಶಿಖರಕ್ಕೆ ಎಂಟುನೂರಕ್ಕೂ ಸ್ವಲ್ಪ ಹೆಚ್ಚು ಅಡಿ ಉಳಿದಿರುವವರೆಗೆ ಹೋಗಿ ಹಿಂದಿರುಗಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸ್ನೇಹಕ್ಕೆ ಅದು ಅಡ್ಡಿಯಾಗಲಿಲ್ಲ. ಮರುವರ್ಷ ಜಾನ್ ಹಂಟರ ಬ್ರಿಟಿಷ್ ತಂಡದೊಡನೆ ಹೊರಟಾಗ ತೆನ್‌ಜಿಂಗರ ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟ ಕೆಂಪು ಶಾಲಿತ್ತು.

ಆ ತಂಡದ ಸಾಮಾನು ಹೊತ್ತು ಕಾಠ್ಮಂಡುವಿನ ಕಡೆಯಿಂದ ನಡೆದವರು ಮುನ್ನೂರೈವತ್ತಕ್ಕೂ ಹೆಚ್ಚು ಮಂದಿ. ಮೇ ೨೬ರಂದು ಬೂರ್ಡಿಯನ್ ಮತ್ತು ಇವಾನ್ಸ್ ದಕ್ಷಿಣ ಶಿಖರದವರೆಗೆ ದಾರಿ ಮಾಡಿ, ಮುಖ್ಯ ಶಿಖರ ಕಣ್ಣೆದುರಿಗಿರುವಾಗಲೇ ಮರಳಿದರು. ೧೯೫೩ರ ಮೇ ೨೯, ಬೆಳಗಿನ ಹನ್ನೊಂದೂವರೆ. ಹಿಲರಿ ಮತ್ತು ತೆನ್‌ಜಿಂಗ್ ಮೇಲೆ ನಿಂತರು. ತೆನ್‌ಜಿಂಗ್ ಹಿಮದಲ್ಲಿ ಗುಳಿ ಮಾಡಿ ಸ್ವಲ್ಪ ಮಿಠಾಯಿಯನ್ನೂ, ಮಗಳು ಕೊಟ್ಟಿದ್ದ ಪೆನ್ಸಿಲ್ಲಿನ ತುಂಡನ್ನೂ ಇಟ್ಟರು. ಹಿಲರಿ ಹಂಟ್ ಕೊಟ್ಟಿದ್ದ ಪುಟ್ಟ ಶಿಲುಬೆಯನ್ನಿಟ್ಟರು. ಹಿಮಗೊಡಲಿಗೆ ಕಟ್ಟಿದ ನಾಲ್ಕು ಬಾವುಟಗಳನ್ನೆತ್ತಿ ನಿಂತ ತೆನ್‌ಜಿಂಗರ ಚಿತ್ರವನ್ನು ಹಿಲರಿ ತೆಗೆದರು. ಅವುಗಳಲ್ಲಿ ನಮ್ಮ ತ್ರಿವರ್ಣವೂ ಒಂದು. ಶಿಖರದ ಮೇಲೆ ಹಿಲರಿಯ ಚಿತ್ರವೇ ಇಲ್ಲ.

ಕೆಳಗಿಳಿದ ಮೇಲೆ ಕಾದಿದ್ದದ್ದು ಬೆಟ್ಟಕ್ಕಿಂತ ಕಠಿಣವಾದ ಜನ. ಕಾಠ್ಮಂಡುವಿನ ಬೀದಿಗಳಲ್ಲಿ, ತೆನ್‌ಜಿಂಗ್ ಹಿಲರಿಯನ್ನು ಹಗ್ಗ ಹಿಡಿದು ಮೇಲೆಳೆಯುವಂತೆ ಬರೆದ ಚಿತ್ರಗಳು ಮೆರೆದವು. ನೇಪಾಳ ನಮ್ಮವನೆಂದಿತು, ಭಾರತ ನಮ್ಮವನೆಂದಿತು. ಹಂಟ್, ಹಿಲರಿ ಇಬ್ಬರಿಗೂ ಬ್ರಿಟಿಷ್ ರಾಣಿಯಿಂದ ‘ಸರ್’ ಪದವಿ ಬಂತು. ತೆನ್‌ಜಿಂಗರಿಗೆ ಜಾರ್ಜ್ ಪದಕ ಮಾತ್ರ. ಇಷ್ಟರ ನಡುವೆ ಎಲ್ಲರದೂ ಒಂದೇ ಪ್ರಶ್ನೆ: ಮೊದಲು ಹೆಜ್ಜೆ ಇಟ್ಟವರಾರು? ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವೆಂಬ ಹೇಳಿಕೆಗೆ ಇಬ್ಬರೂ ಸಹಿಮಾಡಿದರು. ಪ್ರಶ್ನೆ ಅಡಗಲಿಲ್ಲ.

ಓದುಬರಹ ಕಲಿಯುವ ಭಾಗ್ಯವಿಲ್ಲದಿದ್ದ ತೆನ್‌ಜಿಂಗ್ ತಮ್ಮ ಜೀವನವನ್ನು ಬಾಯಲ್ಲಿ ಹೇಳಿ, ಲೇಖಕ ಉಲ್‌ಮನ್ನರ ಕೈಯಲ್ಲಿ ಬರೆಸಿ ೧೯೫೫ರಲ್ಲಿ ಪ್ರಕಟಿಸಿದರು. ಅದರಲ್ಲಿ ಅವರು ಸ್ಪಷ್ಟವಾಗಿ ನುಡಿದರು: ಹಗ್ಗದ ಮುಂದಿನ ತುದಿಯಲ್ಲಿದ್ದವರು ಹಿಲರಿ; ಅವರೇ ಮೊದಲು ಕಾಲಿಟ್ಟರು, ತಾವು ಅವರ ಹಿಂದೆಯೇ ಕಾಲಿಟ್ಟೆವು. ಈ ಮಾತಿನ ಬೆಲೆ ಎಷ್ಟೆಂಬುದನ್ನು ಯೋಚಿಸಿ. ಎರಡು ದೇಶಗಳ ಜನ ಅವರ ಬಾಯಿಂದ ಬೇರೊಂದು ಉತ್ತರಕ್ಕಾಗಿ ಕಾತರಿಸುತ್ತಿದ್ದರು. ಸುಮ್ಮನಿದ್ದಿದ್ದರೂ ಸಾಕಿತ್ತು, ಸುಳ್ಳನ್ನೂ ಹೇಳಬೇಕಿರಲಿಲ್ಲ. ಆದರೂ ಅವರು ಸತ್ಯವನ್ನು ಹೇಳಿದರು. ನನ್ನ ಬಾಲ್ಯದ ಉತ್ತರವನ್ನು ತಿದ್ದಿದವರು ಹಿಲರಿಯ ಕಡೆಯವರಲ್ಲ, ಸ್ವತಃ ತೆನ್‌ಜಿಂಗರೇ. ಅದನ್ನು ಓದಿದ ದಿನ ಅವರು ನನಗೆ ಮೊದಲಿಗಿಂತ ಎತ್ತರವಾಗಿ ಕಂಡರು.

ನಿವೃತ್ತನಾದ ಮೇಲೆ ಒಮ್ಮೆ ಪತ್ನಿಯೊಡನೆ ದಾರ್ಜಿಲಿಂಗಿಗೆ ಹೋಗಿದ್ದೆ. ೧೯೫೪ರಲ್ಲಿ, ನೆಹರೂ ಅವರ ಆಸ್ಥೆಯಿಂದ, ಅಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಯಿತು. ತೆನ್‌ಜಿಂಗ್ ಅದರ ತರಬೇತಿಯ ಮೊದಲ ನಿರ್ದೇಶಕರು. ೧೯೮೬ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದೂ ಅದರ ಆವರಣದಲ್ಲಿಯೇ. ಆಗ ಭಾರತದಲ್ಲಿ ನ್ಯೂಜಿಲೆಂಡಿನ ರಾಯಭಾರಿಯಾಗಿದ್ದ ಹಿಲರಿ ಅಂತಿಮ ದರ್ಶನಕ್ಕೆ ಬಂದಿದ್ದರು. ಹಗ್ಗದ ಒಂದು ತುದಿ ಇನ್ನೊಂದು ತುದಿಯನ್ನು ಬೀಳ್ಕೊಡಲು ಬಂದಿತ್ತೆನ್ನೋಣ. ಅಲ್ಲಿರುವ ತೆನ್‌ಜಿಂಗರ ಪ್ರತಿಮೆಯೆದುರು ನಾನು ನಿಂತಾಗ ಮಂಜು ಕವಿದಿತ್ತು. ಗಳಿಗೆ ಹೊತ್ತು ಮಂಜು ಸರಿದು ಕಾಂಚನಜಂಗಾ ಕಾಣಿಸಿತು. ೧೯೫೫ರಲ್ಲಿ ಅದನ್ನು ಮೊದಲು ಏರಿದ ಬ್ರಿಟಿಷ್ ತಂಡದವರು, ಸಿಕ್ಕಿಮಿನ ಜನರ ಭಕ್ತಿಗೆ ಗೌರವವಿತ್ತು, ಕೊಟ್ಟ ಮಾತಿನಂತೆ ನೆತ್ತಿಯನ್ನು ಮೆಟ್ಟದೆ ಕೆಲವೇ ಅಡಿ ಕೆಳಗೆ ನಿಂತು ಹಿಂದಿರುಗಿದರಂತೆ. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿದದ್ದೂ ಪರ್ವತಾರೋಹಣದ ಪರಂಪರೆಗೆ ಸೇರಿದ ವಿವೇಕವೇ.

ತೆನ್‌ಜಿಂಗರ ಬಳಿಕ ಭಾರತದ ಪರ್ವತಾರೋಹಣ ಬೆಳೆಯಿತು. ಎರಡು ಯತ್ನಗಳು ವಿಫಲವಾದ ಮೇಲೆ, ೧೯೬೫ರಲ್ಲಿ ಎಂ. ಎಸ್. ಕೊಹ್ಲಿ ಅವರ ನಾಯಕತ್ವದ ತಂಡದ ಒಂಬತ್ತು ಮಂದಿ ಎವರೆಸ್ಟನ್ನೇರಿದರು. ಅವರಲ್ಲಿ ನವಾಂಗ್ ಗೊಂಬು ಎರಡನೆಯ ಬಾರಿ ಏರಿದ ಜಗತ್ತಿನ ಮೊದಲಿಗರು. ತೆನ್‌ಜಿಂಗರ ಸೋದರ ಸಂಬಂಧಿ. ಕೊನೆಯ ಹಗ್ಗದಲ್ಲಿ ಮೇ ೨೯ರಂದೇ ಮೇಲೇರಿದವರು ಅಹ್ಲುವಾಲಿಯಾ, ರಾವತ್, ಫು ದೋರ್ಜಿ. ಅದೇ ವರ್ಷದ ಪಾಕಿಸ್ತಾನದ ಯುದ್ಧದಲ್ಲಿ ಅಹ್ಲುವಾಲಿಯಾ ಗುಂಡೇಟು ತಿಂದು ಬೆನ್ನುಹುರಿಯ ಬಲ ಕಳೆದುಕೊಂಡು ಗಾಲಿಕುರ್ಚಿಗೆ ಸೇರಿದರು. ಅಲ್ಲಿಂದಲೇ ದೆಹಲಿಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿ ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟಿದರು. ನೆಯ್ಯೂರಿನ ವೈದ್ಯರನ್ನು ನೆನೆದವರಿಗೆ ಇವರು ಅಪರಿಚಿತರೆನಿಸುವುದಿಲ್ಲ. ೧೯೮೪ರಲ್ಲಿ ಬಚೇಂದ್ರಿ ಪಾಲ್ ಶಿಖರವನ್ನೇರಿದ ಸುದ್ದಿಯನ್ನು ನಾನು ಇದೇ ರೇಡಿಯೋದಲ್ಲಿ ಕೇಳಿದೆ. ಮರುದಿನ ತರಗತಿಯ ಹೆಣ್ಣುಮಕ್ಕಳ ಮುಖದಲ್ಲಿ ಕಂಡ ಬೆಳಕು ಇನ್ನೂ ನೆನಪಿದೆ.

ಹೀಗೆ ಹೆಸರುಗಳು ಹೆಚ್ಚಿದವು. ಆದರೆ ಹೊರೆ ಇಳಿಯಿತೆ? ೨೦೧೪ರ ಏಪ್ರಿಲ್ ೧೮ರಂದು ಖುಂಬು ಹಿಮಪ್ರಪಾತದಲ್ಲಿ ಹಿಮದ ಬಂಡೆಗಳುರುಳಿ ಒಂದೇ ಬೆಳಗಿನಲ್ಲಿ ಹದಿನಾರು ಮಂದಿ ಸತ್ತರು. ಎಲ್ಲರೂ ನೇಪಾಳದವರು; ಹಣ ತೆತ್ತು ಏರಬರುವವರಿಗಾಗಿ ದಾರಿ ಮಾಡುತ್ತ, ಸಾಮಾನು ಸಾಗಿಸುತ್ತಿದ್ದವರು. ೧೯೨೨ರ ಏಳು ಮಂದಿಗೂ ಇವರಿಗೂ ನಡುವೆ ತೊಂಬತ್ತೆರಡು ವರ್ಷ. ಅಂದು ಸೋಮರ್ವೆಲ್ಲರನ್ನು ಕೊರೆದ ಪ್ರಶ್ನೆ ಇಂದಿಗೂ ಹಾಗೆಯೇ ನಿಂತಿದೆ. ಶಿಖರದ ಮೇಲೆ ತೆಗೆಸಿಕೊಂಡ ಚಿತ್ರಗಳನ್ನು ಕಂಡಾಗಲೆಲ್ಲ, ಆ ಚಿತ್ರವನ್ನು ತೆಗೆದವರಾರು, ಏಣಿಗಳನ್ನು ಹಾಸಿದವರಾರು ಎಂದು ಕೇಳಿಕೊಳ್ಳುವುದು ನಮ್ಮ ಕನಿಷ್ಠ ಸೌಜನ್ಯ.

ಕೊನೆಯದಾಗಿ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಜಗತ್ತಿನ ಎರಡನೆಯ ಎತ್ತರದ ಶಿಖರ ಕೆ-ಟು. ಅದನ್ನು ಚಳಿಗಾಲದಲ್ಲಿ ಏರಲು ಅನೇಕ ದೇಶದವರು ಹಲವು ದಶಕ ಯತ್ನಿಸಿ ಸೋತಿದ್ದರು. ೨೦೨೧ರ ಜನವರಿ ೧೬ರಂದು ನೇಪಾಳದ ಹತ್ತು ಮಂದಿ ಅದನ್ನು ಸಾಧಿಸಿದರು. ಈ ಬಾರಿ ಅವರು ಯಾರ ಹೊರೆಯನ್ನೂ ಹೊತ್ತಿರಲಿಲ್ಲ. ಮುಂದೆ ಬಂದವರು ನೆತ್ತಿಗೆ ಕೆಲವು ಮಾರು ಉಳಿದಿರುವಾಗ ಆ ಕೊರೆವ ಚಳಿಯಲ್ಲಿ ನಿಂತು, ಹಿಂದಿನವರಿಗಾಗಿ ಕಾದರು. ಹತ್ತೂ ಮಂದಿ ಕೂಡಿದ ಮೇಲೆ ತಮ್ಮ ನಾಡಗೀತೆಯನ್ನು ಹಾಡುತ್ತ ಒಟ್ಟಿಗೆ ಮೇಲೆ ನಡೆದರು.

ಮೊದಲು ಹೆಜ್ಜೆ ಇಟ್ಟವರಾರೆಂದು ಆ ದಿನದ ಬಗ್ಗೆ ಯಾರೂ ಕೇಳುವಂತಿಲ್ಲ. ನಮ್ಮ ಮೇಷ್ಟ್ರು ಇಂದು ಬದುಕಿಲ್ಲ. ಇದ್ದಿದ್ದರೆ ಈ ಸುದ್ದಿಯನ್ನು ಅವರಿಗೆ ಹೇಳಿ, ಉಳಿದ ಅರ್ಧ ಅಂಕವನ್ನು ಕೇಳಿ ಪಡೆಯುತ್ತಿದ್ದೆ.



(ಬಾನುಲಿ ಭಾಷಣ. ಕೃಪೆ: ಆಕಾಶವಾಣಿ)